ನವದೃಷ್ಟಿ ಮೀಮಾಂಸೆ: ಪಾಲುದಾರರ ಸಭೆಯೆಂಬ ಕ್ರಿಯಾವಿಧಿಯ ಶಾಸ್ತ್ರೀಯ ವಿವೇಚನೆ

ಪ್ರಯೋಜನ

ಸೇವಾಸಂಸ್ಥೆಗಳಿಗೆ ವಯಸ್ಸಾದಂತೆ ದೃಷ್ಟಿಮಾಂದ್ಯ ತಗಲುವುದು ಸರ್ವವಿದಿತ. ಹಳೆಯ ವರದಿಗೆ ಹೊಸ ಇಸವಿ ಹಾಕುವುದು, ಒಂದೇ ಫೋಟೊವನ್ನು ಮೂರು ಯೋಜನೆಗಳಿಗೆ ಅಂಟಿಸುವುದು, ದಾನಿಗಳ ಪತ್ರ ಬಂದಾಗಷ್ಟೇ ಹಳ್ಳಿ ನೆನಪಾಗುವುದು ಇದರ ಲಕ್ಷಣಗಳು. ಇದಕ್ಕೆ ಪಂಡಿತರು ವಿಧಿಸಿದ ಮದ್ದು ‘ಪಾಲುದಾರರ ಸಹಭಾಗಿತ್ವ’. ಅದರ ತಯಾರಿಕೆ, ಪ್ರಮಾಣ, ಪಥ್ಯಗಳನ್ನು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳೆಂಬ ಕ್ಷೇತ್ರತ್ರಯದ ಆಧಾರದಿಂದ ಇಲ್ಲಿ ನಿರೂಪಿಸಲಾಗಿದೆ.

ಸೂತ್ರ 1: ಆಸನದಿಂದ ಪಾಲು ನಿರ್ಣಯ.

ವ್ಯಾಖ್ಯಾನ: ಪಾಲುದಾರರು ಮೂರು ಬಗೆ. ಹಣ ಕೊಡುವವರು ಉತ್ತಮರು, ಅವರಿಗೆ ಸೋಫಾ. ಸಹಿ ಹಾಕುವವರು ಮಧ್ಯಮರು, ಅವರಿಗೆ ಕುರ್ಚಿ. ಸಂಸ್ಥೆ ಯಾರಿಗಾಗಿ ಹುಟ್ಟಿತೋ ಅವರು ಕನಿಷ್ಠರು, ಅವರಿಗೆ ಜಮಖಾನೆ. ಜಮಖಾನೆ ಸಾಲದಿದ್ದರೆ ಬಾಗಿಲ ಬಳಿ ನಿಂತೂ ಹೊಸ ದೃಷ್ಟಿ ನೀಡಬಹುದೆಂದು ಕೆಲವರ ಮತ.

ಸೂತ್ರ 2: ಪಾಲುದಾರನಿಗೆ ಬಿಡುವಿಲ್ಲದ ವೇಳೆಯೇ ಶುಭಮುಹೂರ್ತ.

ವ್ಯಾಖ್ಯಾನ: ಇಚಲಕರಂಜಿಯ ಪವರ್‌ಲೂಮ್ ಕಾರ್ಮಿಕನದು ಹನ್ನೆರಡು ಗಂಟೆಯ ಪಾಳಿ. ಮಜೂರಿ ನೇಯ್ದ ಮೀಟರ್ ಲೆಕ್ಕ. ಎದ್ದುಹೋದಷ್ಟು ಹೊತ್ತು ಗಳಿಕೆಯೂ ಇಲ್ಲ. ಆದಕಾರಣ ಕಾರ್ಮಿಕರ ಆರೋಗ್ಯ ಕುರಿತ ಸಭೆಯನ್ನು ಬೆಳಗಿನ ಹನ್ನೊಂದಕ್ಕೇ ಇಡತಕ್ಕದ್ದು. ಆಗ ಕಾರ್ಮಿಕನ ಬದಲು ಕಾರಖಾನೆಯ ದಿವಾಣಜಿ ಬರುತ್ತಾನೆ. ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತದೆಯೇ ಎಂದು ಕೇಳಿದರೆ, “ಛೇ, ಪಗಾರ ಅಂದ್ರ ಎಲ್ಲಾರಿಗೂ ಛಲೋ ಕೇಳಸ್ತೈತ್ರಿ” ಎನ್ನುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಕಾರ್ಮಿಕ ಪ್ರತಿನಿಧಿ’ ಎಂದು ಬರೆದರೆ ದೋಷವಿಲ್ಲ.

ಸೂತ್ರ 3: ನುಡಿದದ್ದು ನಶ್ವರ, ವರದಿಯಾದದ್ದು ಶಾಶ್ವತ.

ವ್ಯಾಖ್ಯಾನ: ಗಡಹಿಂಗ್ಲಜದ ಕಡೆ ಜನ ಕನ್ನಡದಲ್ಲಿ ಜಗಳವಾಡಿ ಮರಾಠಿಯಲ್ಲಿ ಅರ್ಜಿ ಬರೆಯುತ್ತಾರೆ; ಸಂಸ್ಥೆಯ ವರದಿ ಇಂಗ್ಲಿಷಿನಲ್ಲಿರುತ್ತದೆ. “ಆಯಿ, ನಿಮಗೇನ ಅನಸ್ತೈತಿ ಹೇಳ್ರಿ” ಎಂದು ಸಂಯೋಜಕರು ಕೇಳಿದರೆನ್ನಿ. “ಬೋರಿನ ಹ್ಯಾಂಡ್ಲ ಮುರದ ಆರ ತಿಂಗಳಾತು. ಮೊದಲ ಅದನ್ನ ಹಾಕಸ್ರಿ, ಆಮ್ಯಾಲ ಕೇಳ್ರಿ” ಎಂದು ಆಯಿ ಹೇಳುತ್ತಾಳೆ. ವರದಿಯಲ್ಲಿ ಇದು ಹೀಗೆ ಪರಿಷ್ಕೃತವಾಗತಕ್ಕದ್ದು: ‘ಜಲಸಂಪನ್ಮೂಲಗಳ ಸುಸ್ಥಿರ ನಿರ್ವಹಣೆಯಲ್ಲಿ ಹಿರಿಯ ಮಹಿಳೆಯರು ತೀವ್ರ ಆಸಕ್ತಿ ವ್ಯಕ್ತಪಡಿಸಿದರು.’ ಹ್ಯಾಂಡಲ್ ಕಾಣೆಯಾಯಿತಲ್ಲ ಎಂಬ ಆಕ್ಷೇಪ ಸಲ್ಲದು. ಅದು ಬೋರಿನಲ್ಲೂ ಇರಲಿಲ್ಲ.

ಪೂರ್ವಪಕ್ಷ

ಇತಿಹಾಸ ಓದಿದ ಕೆಲವರು ಇಲ್ಲಿ ತಕರಾರು ತೆಗೆಯುತ್ತಾರೆ. ಶಾಹೂ ಮಹಾರಾಜರ ಕೊಲ್ಹಾಪುರದಲ್ಲಿ 1901ರಿಂದಲೇ ಜಾತಿಗೊಂದು ವಿದ್ಯಾರ್ಥಿನಿಲಯ ಏಳತೊಡಗಿತು. ಇಚಲಕರಂಜಿಗೆ ಸಮೀಪದ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ್ ಪಾಟೀಲ ಎಂಬ ಹುಡುಗ ಜೈನ ಬೋರ್ಡಿಂಗ್‌ನಲ್ಲಿದ್ದ. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಎದ್ದ ಮಿಸ್ ಕ್ಲಾರ್ಕ್ ವಿದ್ಯಾರ್ಥಿನಿಲಯದ 1908ರ ಸಮಾರಂಭಕ್ಕೆ ಹೋಗಿಬಂದ. ಮೈಲಿಗೆಯಾಯಿತು, ಸ್ನಾನ ಮಾಡಿ ಒಳಗೆ ಬಾ ಎಂದರು ಬೋರ್ಡಿಂಗ್‌ನವರು. ಮಾಡುವುದಿಲ್ಲ ಎಂದ. ಬೋರ್ಡಿಂಗ್ ಬಿಡಬೇಕಾಯಿತು.

ಆ ಹುಡುಗನೇ 1919ರಲ್ಲಿ ಕರಾಡದ ಹತ್ತಿರದ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ. ಮುಂದೆ ಸಾತಾರದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡರು. ಹಣ ಮುಗಿದಾಗ ಪತ್ನಿ ಲಕ್ಷ್ಮೀಬಾಯಿ ಒಡವೆ ಮಾರಿದರು. ಹುಡುಗರು ದುಡಿಯುತ್ತಲೇ ಓದಿದರು. ಮನೆಮನೆಯ ಹೆಂಗಸರು ಹಿಡಿ ಧಾನ್ಯ ತೆಗೆದಿಟ್ಟರು. ಅದೇ ಮುಷ್ಟಿ ಫಂಡ್. ಹಿಡಿ ಜೋಳ ಹಾಕಿದವಳು ‘ನನ್ನ ಜೋಳ ಏನಾಯಿತು?’ ಎಂದು ಕೇಳಬಲ್ಲಳು; ಜಮಖಾನೆಯ ಮೇಲೆ ಚಹಾ ಕುಡಿದವಳು ಕೇಳಲಾರಳು. ಪಾಲು ಎಂದರೆ ಇದು, ಎಂಬುದು ಪೂರ್ವಪಕ್ಷದ ವಾದ.

ಖಂಡನೆ

ಈ ವಾದ ನಿಲ್ಲುವುದಿಲ್ಲ. ಆ ಪ್ರಯೋಗದಲ್ಲಿ ಬ್ಯಾನರ್ ಇರಲಿಲ್ಲ, ಪಿಪಿಟಿ ಇರಲಿಲ್ಲ. ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿದ ದಾಖಲೆಯಿಲ್ಲ. ಸಲಹೆಗಾರರಿಗೆ ಸಂದ ಶುಲ್ಕ ಶೂನ್ಯ. ಹೊಸ ದೃಷ್ಟಿ ಬಂದದ್ದೂ ಸಭೆಗೆ ಆಹ್ವಾನಿತನಾದವನಿಂದಲ್ಲ, ಹೊರಬಿದ್ದವನಿಂದ. ಆದ್ದರಿಂದ ಅದು ಅಶಾಸ್ತ್ರೀಯವೆಂದು ಸಿದ್ಧವಾಯಿತು. ಆ ಸಂಸ್ಥೆ ಇಂದಿಗೂ ನೂರಾರು ಶಾಲೆಗಳನ್ನು ನಡೆಸುತ್ತಿರುವುದು ಕಾಕತಾಳೀಯ.

ಫಲಶ್ರುತಿ

ಈ ಮೀಮಾಂಸೆಯನ್ನು ಪಾರಾಯಣ ಮಾಡಿದವರಿಗೆ ಮುಂದಿನ ಕಂತು ಬಿಡುಗಡೆಯಾಗುವುದು. ಇಷ್ಟಾಗಿಯೂ ಹೊಸ ದೃಷ್ಟಿ ನಿಜವಾಗಿಯೇ ಬೇಕೆನ್ನುವ ಹಟಮಾರಿಗಳಿದ್ದರೆ ಅವರು ಹಾಜರಿ ಪುಸ್ತಕ ಮುಚ್ಚಿಟ್ಟು, ತಮ್ಮ ಸಂಸ್ಥೆ ಬಿಟ್ಟುಹೋದವರ, ಬಿಡಿಸಲ್ಪಟ್ಟವರ ಪಟ್ಟಿ ಮಾಡಲಿ. ಪಾಳಿ ಬದಲಾಗುವ ಹೊತ್ತಿಗೆ ಕಾರಖಾನೆಯ ಬಾಗಿಲಿಗೆ ತಾವೇ ಹೋಗಲಿ. ಆಯಿಯ ಬಳಿ ಹೋಗುವವರು ಮಾತ್ರ ಮೊದಲು ಹ್ಯಾಂಡಲ್ ಹಾಕಿಸಲಿ, ಆಮೇಲೆ ಅಭಿಪ್ರಾಯ ಕೇಳಲಿ.