ಯಾರ ಪೈಕಿ?

ಕೊಡಂಗಲ್ಲಿನಲ್ಲಿ ಅಪರಿಚಿತನಾಗಿ ಉಳಿಯುವುದು ಬಹಳ ಕಷ್ಟದ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತು ನೋಡಿ. ಪಕ್ಕದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಲೇ, "ಯಾವೂರಪ್ಪಾ? ಯಾರ ಪೈಕಿ?" ಎಂದು ಶುರು ಮಾಡುತ್ತಾಳೆ. ಎಲೆ ಮಡಚುವಷ್ಟರಲ್ಲಿ ನಿಮ್ಮ ತಾಯಿಯ ತವರು ಸೇಡಂ ಅನ್ನುವುದು ಹೊರಬಿದ್ದಿರುತ್ತದೆ. ಅಡಕೆ ಕಡಿಯುವಷ್ಟರಲ್ಲಿ ನೀವು ಆಕೆಯ ದೂರದ ಮೊಮ್ಮಗ. 1956ರ ನವೆಂಬರ್ 1ಕ್ಕೆ ನಮ್ಮನ್ನೂ ತಾಂಡೂರನ್ನೂ ಗುಲಬರ್ಗಾ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಕೊಟ್ಟರು, 2014ರಲ್ಲಿ ತೆಲಂಗಾಣದವರಾದೆವು. ಇದನ್ನೆಲ್ಲ ಅಜ್ಜಿಯಂದಿರಿಗೆ ಯಾರೂ ಹೇಳಿದಂತಿಲ್ಲ. ಸೊಸೆಯನ್ನು ಈಗಲೂ ಗಡಿಯಾಚೆ, ಕರ್ನಾಟಕದ ಸೇಡಂನಿಂದಲೇ ತರುತ್ತಾರೆ. ಹೆಂಗಸರಿಗೆ ಆ ಕಡೆ 2023ರ ಜೂನ್‌ನಲ್ಲಿ, ಈ ಕಡೆ ಡಿಸೆಂಬರ್‌ನಲ್ಲಿ ಬಸ್ಸು ಪುಕ್ಕಟೆಯಾದ ಮೇಲಂತೂ ಈ ವಿಚಾರಣೆಗೆ ಚಕ್ರವೇ ಬಂದಿದೆ.

ಫೇಸ್‌ಬುಕ್ ಪಾಪ, ಏನೂ ಕೇಳುವುದಿಲ್ಲ. ಅಲ್ಲಿ ನನಗೊಬ್ಬ ಗೆಳೆಯ. ಮುಖದ ಜಾಗದಲ್ಲಿ ಹನುಮಂತ ದೇವರು. ನಸುಕಿನಲ್ಲೇ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಾನೆ. ನನ್ನಂತೆಯೇ ತೆಲುಗು ಶಾಲೆಯಲ್ಲಿ ಕಲಿತವನಿರಬೇಕು, ಬರೆಯುವುದು ತೆಲುಗು ಅಕ್ಷರದ ಕನ್ನಡ. ಬಾಯಿಬಿಟ್ಟು ಓದಿದರಷ್ಟೇ ತಿಳಿಯುತ್ತದೆ. ಅವನಿಗೂ ನನಗೂ ತೊಗರಿಯ ಮೇಲೆ ಮಹಾಯುದ್ಧ. ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ ಅಂತ ಅವನು. ತಾಂಡೂರಿನದಕ್ಕೆ 2022ರಲ್ಲಿ ಸಿಕ್ಕರೇನು, ಬೇಳೆ ಕುದಿಸಿ ನೋಡು ಅಂತ ನಾನು. ಇಷ್ಟು ಜಗಳವಾಡಿದ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ.

ಹೋದ ಬೇಸಿಗೆ ತಾಂಡೂರಿನ ಮದುವೆಯೊಂದರಲ್ಲಿ ಪಂಕ್ತಿಗೆ ಕೂತೆ. ಎಣಗಾಯಿ, ಹೋಳಿಗೆ ಬಿದ್ದ ಕೂಡಲೇ ಎಲೆಯ ಫೋಟೋ ಹಾಕಿದೆ. ತಕ್ಷಣ ಹನುಮಂತನ ಪ್ರಶ್ನೆ: "ಎಲ್ಲಿ ಊಟ?" ಪಕ್ಕದ ಎಲೆಯವನು ಎಡಗೈಯಲ್ಲಿ ಮೊಬೈಲ್ ಹಿಡಿದು ಉತ್ತರಕ್ಕೆ ಕಾಯುತ್ತಿದ್ದ. ಕಣ್ಣು ಅವನ ಪರದೆಗೆ ಹೋಯಿತು. ಅಲ್ಲಿ ನನ್ನದೇ ಹೋಳಿಗೆ!

"ಇಲ್ಲೇ," ಅಂದೆ.

ಇಬ್ಬರಿಗೂ ಮುಂದೆ ಏನು ಮಾತಾಡಬೇಕೋ ತೋಚಲಿಲ್ಲ. ತೊಗರಿಯ ಸುದ್ದಿ ತೆಗೆಯಲು ಧೈರ್ಯವಿಲ್ಲ; ಎದುರಿಗೆ ಬೇಳೆ ಸಾರೇ ಇತ್ತು. ಅಷ್ಟರಲ್ಲಿ ತುಪ್ಪ ಬಡಿಸುತ್ತ ಬಂದ ಹಿರಿಯಾಕೆ ಸೌಟನ್ನು ಅರ್ಧಕ್ಕೇ ನಿಲ್ಲಿಸಿ, "ಯಾರ ಪೈಕಿ?" ಅಂದಳು. ತುಪ್ಪ ಬೇಕಲ್ಲ, ಇಬ್ಬರೂ ಒಪ್ಪಿಸಿದೆವು. ಅವನ ಅತ್ತಿಗೆ ನನ್ನ ಸೋದರತ್ತೆಯ ಮಗಳಂತೆ!

ಮೊದಲಾದರೆ ಬ್ಲಾಕ್ ಮಾಡಿ ಪಾರಾಗಬಹುದಿತ್ತು. ಈಗ ಅವನು ಬೀಗ. ಕುಟುಂಬದ ವಾಟ್ಸಾಪ್ ಗ್ರೂಪಿಗೂ ಸೇರಿಸಿದ್ದಾನೆ, ಗುಲಾಬಿ ಎರಡೂ ಕಡೆ ಬರುತ್ತದೆ. ಮುಂದಿನ ತಿಂಗಳು ಅವನ ತಮ್ಮನ ಮದುವೆ. ಆಯೇರಿಗೆ ಸೀರೆ ತರಬೇಕು.