ನೆರೆಹೊರೆಯ ರಾಮೆನ್: ಒಂದು ಪ್ರಮಾಣಮೀಮಾಂಸೆ

ಗೋಧಿ ಹಿಟ್ಟನ್ನು ಕಾನ್ಸುಯಿ ಎಂಬ ಕ್ಷಾರಜಲದಲ್ಲಿ ನಾದಿ ತೆಗೆದ, ತುಸು ಹಳದಿ ಬಣ್ಣದ ಶಾವಿಗೆಯನ್ನು ಬಿಸಿ ಸಾರಿನಲ್ಲಿ ಇಳಿಬಿಟ್ಟು ಕೊಡುವ ಪದಾರ್ಥಕ್ಕೆ ಜಪಾನಿನಲ್ಲಿ ರಾಮೆನ್ ಎಂದು ಹೆಸರು. ಕಾನ್ಸುಯಿಯಲ್ಲಿರುವುದು ಸೋಡಿಯಂ, ಪೊಟ್ಯಾಸಿಯಂ ಕಾರ್ಬೊನೇಟುಗಳಾದ್ದರಿಂದ ಅದು ಕನ್ನಡನಾಡಿನ ಹಪ್ಪಳದ ಖಾರಕ್ಕೆ ದಾಯಾದಿಯಾಗುತ್ತದೆ. ಆ ವಂಶಾವಳಿ ಇಲ್ಲಿ ಅಪ್ರಸ್ತುತ. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರೈರೈಕೆನ್ ಅಂಗಡಿಯು ಚೀನೀ ಬಾಣಸಿಗರನ್ನಿಟ್ಟುಕೊಂಡು ಬಾಗಿಲು ತೆರೆದ ಮೇಲೆ ಈ ಪದಾರ್ಥ ಬೀದಿಬೀದಿಗೂ ಹಬ್ಬಿದ್ದರಿಂದ, ಅದು ಎಲ್ಲಿ ಸಿಗುತ್ತದೆಂಬುದು ಪ್ರಶ್ನೆಯಲ್ಲ. ಮನೆಯಿಂದ ನಡೆದುಹೋಗುವ ದೂರದಲ್ಲಿ ಒಳ್ಳೆಯದು ಯಾವುದೆಂಬುದನ್ನು ಯಾವ ಪ್ರಮಾಣದಿಂದ, ಅಂದರೆ ಅರಿವಿನ ಯಾವ ಸಾಧನದಿಂದ, ತಿಳಿಯಬೇಕೆಂಬುದೇ ಪ್ರಶ್ನೆ.

ಪ್ರತ್ಯಕ್ಷವೇ ಸಾಲದೆ ಎಂದರೆ, ಹೊಟ್ಟೆ ಒಂದೇ, ಅಂಗಡಿಗಳು ಹಲವು. ಆದ್ದರಿಂದ ಅನುಮಾನವನ್ನು ಆಶ್ರಯಿಸಬೇಕಾಗುತ್ತದೆ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಿದ ನೈಯಾಯಿಕರ ಹಾದಿಯಲ್ಲೇ, ಓಣಿಯ ತಿರುವಿನಲ್ಲಿ ಹಂದಿಯ ಎಲುಬು ಬೇಯುವ ಗಬ್ಬು ಮೂಗಿಗೆ ಬಡಿದರೆ ಅಲ್ಲಿ ಸಾರನ್ನು ಪುಡಿಯಿಂದಲ್ಲ, ಎಲುಬಿನಿಂದಲೇ ಕಾಯಿಸುತ್ತಿದ್ದಾರೆಂದು ಊಹಿಸಬಹುದು. ಬಾಗಿಲ ಮುಂದಿನ ಸರತಿ ಸಾಲೂ ಅಂಥದೇ ಹೇತುವೆಂಬುದು ಪೂರ್ವಪಕ್ಷ. ಅದು ಹೇತುವಲ್ಲ, ಹೇತ್ವಾಭಾಸ, ಅಂದರೆ ಕಾರಣದ ವೇಷ ತೊಟ್ಟ ಅಕಾರಣ. ಏಕೆಂದರೆ ಒಳಗೆ ಇರುವುದೇ ಎಂಟು ಕುರ್ಚಿಯಾದರೆ ಒಂಬತ್ತನೆಯವನು ಬಂದೊಡನೆ ಸಾಲು ತಾನಾಗಿ ಹುಟ್ಟುತ್ತದೆ. ಒಬ್ಬನೇ ಬಂದು, ಪತ್ರಿಕೆ ಮಡಚಿ, ಹತ್ತು ನಿಮಿಷದಲ್ಲಿ ಉಂಡೆದ್ದು ಹೋಗುವ ಆ ಬಡಾವಣೆಯ ಮುದುಕನೇ ಹೆಚ್ಚು ಬಲವಾದ ಹೇತು.

ಏನನ್ನು ಕೇಳಬೇಕೆಂಬ ಅಧಿಕರಣದಲ್ಲಿ ಗೊಂದಲ ಹೆಚ್ಚು. ಶಿಯೊ ಎಂದರೆ ಉಪ್ಪು, ಶೋಯು ಎಂದರೆ ಸೋಯಾ ರಸ, ಮಿಸೊ ಎಂದರೆ ಹುದುಗಿಸಿದ ಸೋಯಾ ಮುದ್ದೆ, ತೊಂಕೊತ್ಸು ಎಂದರೆ ಹಂದಿಯ ಎಲುಬು, ಹೀಗೆ ರಾಮೆನ್ ನಾಲ್ಕು ಬಗೆಯೆಂದು ಹೇಳುವ ವಾಡಿಕೆಯಿದೆ. ಇದರಲ್ಲಿ ಸಾಂಕರ್ಯದೋಷವಿದೆ. ಮೊದಲ ಮೂರು ತಾರೆ, ಅಂದರೆ ಬಟ್ಟಲಿನ ತಳಕ್ಕೆ ಮೊದಲೇ ಸುರಿದಿಡುವ ರುಚಿಯ ಸಾರ. ನಾಲ್ಕನೆಯದು ಅದರ ಮೇಲೆ ಹೊಯ್ಯುವ ಸಾರು, ಎಲುಬಿನ ಮಜ್ಜೆ, ಜಿಲಾಟಿನ್, ಕೊಬ್ಬುಗಳು ಗಂಟೆಗಟ್ಟಲೆ ಕುದಿದು ಬೆರೆತು ಹಾಲಿನಂತೆ ಬೆಳ್ಳಗಾದದ್ದು. ಇವನ್ನು ಒಂದೇ ಪಟ್ಟಿಯಲ್ಲಿಡುವುದು ಜನರನ್ನು ಎತ್ತರದವರು, ಕುಳ್ಳರು, ಮೈಸೂರಿನವರು ಎಂದು ವಿಂಗಡಿಸಿದಂತೆ. ಶಿಯೊದ ತಿಳಿಸಾರನ್ನು ಕಂಡು ಅದು ಬರಿಯ ಉಪ್ಪುನೀರೆಂದು ಭಾವಿಸುವ ಸಸ್ಯಾಹಾರಿ ಕನ್ನಡಿಗನದು ರಜ್ಜುಸರ್ಪಭ್ರಾಂತಿಯ ತಿರುಗುಮುರುಗು, ಹಾವನ್ನೇ ಹಗ್ಗವೆಂದುಕೊಳ್ಳುವುದು. ಆ ತಿಳಿಯ ಹಿಂದೆ ಸಾಮಾನ್ಯವಾಗಿ ಕೋಳಿಯೋ ಒಣಮೀನೋ ಇರುತ್ತದೆ.

ಬಹಳ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಶೊಕ್ಕೆಂಕಿ ಎಂಬ ಚೀಟಿಯಂತ್ರವಿದ್ದು, ಅದರ ಮೇಲಿನ ಸಾಲಿನ ಎಡತುದಿಯ ಗುಂಡಿಯೇ ಆ ಅಂಗಡಿಯ ಹೆಮ್ಮೆಯ ಬಟ್ಟಲೆಂದು ಸಂಪ್ರದಾಯಜ್ಞರ ಮತ. ಮೊದಲ ಭೇಟಿಗೆ ಅದನ್ನೇ ಒತ್ತತಕ್ಕದ್ದು. ಮೊಟ್ಟೆ, ಮೆನ್ಮಾ ಎಂಬ ಹುದುಗಿಸಿದ ಕಳಲೆ, ನೋರಿ ಎಂಬ ಕಡಲಪಾಚಿಯ ಹಾಳೆ ಎಲ್ಲವನ್ನೂ ಹೇರಿಸಿಕೊಂಡವನಿಗೆ ಕೊನೆಗೆ ಸಾರಿನ ರುಚಿಯೇ ತಿಳಿದಿರುವುದಿಲ್ಲ. ಹಕಾತಾ ಶೈಲಿಯ ಅಂಗಡಿಯಾದರೆ ಶಾವಿಗೆಯ ಬಿರುಸನ್ನೂ ಹೇಳಬೇಕು: ಕತಾ ಗಟ್ಟಿ, ಬಾರಿಕತಾ ಬಲುಗಟ್ಟಿ, ಹರಿಗನೆ ತಂತಿ, ಕೊನಾಓತೊಶಿಯೆಂದರೆ ಹಿಟ್ಟು ಕೊಡವಿದಷ್ಟೇ ಬೇಯಿಸಿದ್ದು. ಅಲ್ಲಿ ಕಾಯೆದಾಮಾ, ಅಂದರೆ ಉಳಿದ ಸಾರಿಗೆ ಇನ್ನೊಂದು ಸುತ್ತು ಶಾವಿಗೆ, ಕೇಳಿ ಪಡೆಯಬಹುದು. ಅದಕ್ಕೆ ಮೊದಲೇ ಸಾರನ್ನೆಲ್ಲ ಹೀರಿ ಮುಗಿಸಿದವನ ಪಾಡು, ಬರಿದಾದ ಎಲೆಗೆ ಅನ್ನ ಬಡಿಸಿಕೊಂಡು ಹುಳಿಯ ಬಕೆಟ್ಟಿನ ದಾರಿ ಕಾಯುವವನದು.

ಇನ್ನು ಶಬ್ದಪ್ರಮಾಣ. ಶಾಸ್ತ್ರದಲ್ಲಿ ಅದು ಆಪ್ತವಾಕ್ಯ, ಅಂದರೆ ನಂಬತಕ್ಕವನ ಮಾತು. ರಾಮೆನ್ ಅಂಗಡಿಯಲ್ಲಿ ಅಕ್ಷರಶಃ ಶಬ್ದ. ಬಾಳೆಯೆಲೆಯ ಪಾಯಸವನ್ನು ಸೊರ್ರೆಂದು ಎಳೆಯುವ ಅದೇ ಸದ್ದು ಕುರ್ಚಿಯ ಸಾಲಿನುದ್ದಕ್ಕೂ ಕೇಳುತ್ತಿದ್ದರೆ ಜಿಜ್ಞಾಸುವು ಮರುಮಾತಿಲ್ಲದೆ ಒಳಗೆ ಹೋಗಬೇಕು. ಹೊರಗೆ ನಿಂತು ನಾಲ್ಕು ಪ್ರಮಾಣಗಳನ್ನೂ ಕ್ರಮವಾಗಿ ಪರೀಕ್ಷಿಸುವ ಪಂಡಿತನಿಗೆ ಹೋಲಿಕೆಯಿಂದ ತಿಳಿಯುವ ಉಪಮಾನವೊಂದು ಬಾಕಿಯಿರುವಾಗಲೇ, ಆ ದಿನದ ಸಾರು ತೀರಿತೆಂದು ಅಂಗಡಿಯವನು ಹೊರಬಂದು, ಬಾಗಿಲಿಗೆ ತೂಗುಬಿಟ್ಟ ನೋರೆನ್ ಪರದೆಯನ್ನು ಕೋಲುಸಹಿತ ಕಳಚಿಕೊಂಡು ಒಳಗೆ ಹೋಗುತ್ತಾನೆ.