ಮೇಲ್ಮನೆಯ ಸಾಹೇಬರಿಗೆ ಕಲ್ಯಾಣದಿಂದೊಂದು ಬಹಿರಂಗ ಪತ್ರ

ಮಾನ್ಯ ವಿಧಾನ ಪರಿಷತ್ ಸದಸ್ಯರಿಗೆ,

ಬಸವಕಲ್ಯಾಣದಿಂದ ಶರಣು ಶರಣಾರ್ಥಿ.

ಲಕೋಟೆಯ ಮೇಲೆ ಹೆಸರು ಬರೆದಿಲ್ಲ. ನೀವು 75 ಮಂದಿ ಇದ್ದೀರಿ. ಓದಿದಾಗ ಯಾರಿಗೆ ಚುರ್ ಅನ್ನುತ್ತದೋ ಅವರಿಗೇ ಬರೆದದ್ದು ಎಂದು ತಿಳಿಯಬೇಕು. ಮೊದಲು ಅಭಿನಂದನೆ. ಚರ್ಚೆಗೆ ಎದ್ದು ನಿಂತರೆ ತಾವು ನಮ್ಮೂರನ್ನು ಮರೆಯುವವರಲ್ಲ. ಬಜೆಟ್ ಇರಲಿ, ತಿದ್ದುಪಡಿ ವಿಧೇಯಕವಿರಲಿ, 12ನೇ ಶತಮಾನದ ಅನುಭವ ಮಂಟಪದಿಂದಲೇ ಶುರು. ‘ಜಗತ್ತಿನ ಮೊದಲ ಸಂಸತ್ತು’ ಎಂದ ಕೂಡಲೇ ಮೇಜು ಕುಟ್ಟುವ ಸದ್ದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದಿನ ಅಧಿವೇಶನದವರೆಗೆ ಬಸವಕಲ್ಯಾಣಕ್ಕೆ ರಜೆ.

ನನ್ನ ಹತ್ತಿರ ಮೂರು ತಾರೀಖುಗಳಿವೆ, ತಮ್ಮ ಮುಂದಿನ ಭಾಷಣಕ್ಕೆ ಬಂದಾವು. 2020ರ ಡಿಸೆಂಬರ್ 10ರಂದು ದೆಹಲಿಯಲ್ಲಿ ಹೊಸ ಸಂಸತ್ ಭವನಕ್ಕೆ ಅಡಿಗಲ್ಲು ಇಡುತ್ತ ಪ್ರಧಾನಿಯವರು ನಮ್ಮ ಅನುಭವ ಮಂಟಪವನ್ನು ನೆನೆದರು. 2021ರ ಜನವರಿ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಸವಕಲ್ಯಾಣಕ್ಕೇ ಬಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿದರು. 500 ಕೋಟಿಯ ಅಂದಾಜು, 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ. ಇವೆರಡರ ನಡುವೆ ಡಿಸೆಂಬರ್ 15 ಬಂತಲ್ಲ, ಅದು ತಮ್ಮ ಮನೆಯ ಕಾಣಿಕೆ. ಅಂದು ಪರಿಷತ್ತಿನ ಗಂಟೆ ಇನ್ನೂ ಬಾರಿಸುತ್ತಿತ್ತು. ಸಭಾಪತಿಗಳು ಒಳಗೆ ಬರುವ ಮೊದಲೇ ಉಪಸಭಾಪತಿಗಳು ಪೀಠದಲ್ಲಿ ಕೂತರು. ಕೆಲವರು ಅವರನ್ನು ಹಿಡಿದೆಳೆದರು, ಕೆಲವರು ಸಭಾಪತಿಗಳು ಬರುವ ಬಾಗಿಲಿಗೇ ಅಡ್ಡ ನಿಂತರು. ಮೂರೂ ಪಕ್ಷದವರೂ ಕೈಜೋಡಿಸಿದ್ದರಿಂದ ಪಕ್ಷಭೇದ ಮಾಡಿದರೆಂದು ಯಾರೂ ದೂರುವ ಹಾಗಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ತೀರಿಕೊಂಡರು. ಆ ಸಾವಿನ ವಿಷಯದಲ್ಲಿ ನಗೆ ಮಾತಾಡುವ ಮನಸ್ಸು ನನಗಿಲ್ಲ. ಆದರೆ ಆ ಎಳೆದಾಟ ನಡೆದು ವಾರ ಮೂರು ಕಳೆಯುತ್ತಲೇ ವೇದಿಕೆಯ ಮೇಲೆ ಅನುಭವ ಮಂಟಪದ ಗುಣಗಾನ ಕೇಳಿದ ನಮ್ಮ ಮಂದಿ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರೆ ತಪ್ಪು ತಿಳಿಯಬೇಡಿ.

ಮಂಟಪದಲ್ಲೂ ಒಂದು ಪೀಠವಿತ್ತು. ಶೂನ್ಯ ಸಿಂಹಾಸನ ಎನ್ನುತ್ತಾರೆ, ಅಲ್ಲಮಪ್ರಭು ಕೂತಿದ್ದರು. ಅಲ್ಲಿಗೆ ಅಕ್ಕಮಹಾದೇವಿ ಬಂದಾಗ ಸ್ವಾಗತ ಭಾಷಣ, ಹಾರ ತುರಾಯಿ ಯಾವುದೂ ಇರಲಿಲ್ಲ. ಬಂದವಳನ್ನು ನಿಲ್ಲಿಸಿ ಅಲ್ಲಮ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ, ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಳು; ‘ಶೂನ್ಯಸಂಪಾದನೆ’ ಆ ಸಂವಾದವನ್ನು ಹಾಗೇ ಕಟ್ಟಿಕೊಟ್ಟಿದೆ. ಮಂಟಪವೆಂಬ ಕಟ್ಟಡ ನಿಜಕ್ಕೂ ಇತ್ತೇ ಎಂದು ಚರಿತ್ರೆಕಾರರಲ್ಲಿ ಜಗಳವಿದೆ, ಇರಲಿ. ಕಟ್ಟಡ ಇತ್ತೋ ಇಲ್ಲವೋ, ಕೇಳಿದ್ದಕ್ಕೆ ಉತ್ತರ ಕೊಡುವ ಪದ್ಧತಿಯಂತೂ ಇತ್ತು. ತಮ್ಮಲ್ಲಿ ಕಟ್ಟಡ ಬಹಳ ಗಟ್ಟಿಯಾಗಿದೆ.

ತಪ್ಪೆಲ್ಲ ತಮ್ಮದೇ ಎನ್ನಲಾರೆ. ಈಶಾನ್ಯ ಪದವೀಧರ ಕ್ಷೇತ್ರದ ಮತದಾರರಾಗಲು ನಾವು ಪ್ರತಿ ಸಲ ಹೊಸದಾಗಿ ಫಾರ್ಮ್ 18 ತುಂಬುತ್ತೇವೆ, ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಲಗತ್ತಿಸುತ್ತೇವೆ. ಮತಗಟ್ಟೆಯಲ್ಲಿ ನೇರಳೆ ಬಣ್ಣದ ಪೆನ್ನು ಕೊಟ್ಟು ‘ಒಂದು, ಎರಡು ಅಂತ ಅಂಕಿ ಬರೀರಿ’ ಎಂದರೆ, ಡಿಗ್ರಿ ಪಡೆದವರೇ ಟಿಕ್ ಹಾಕಿ ಮಡಚಿ ಒಳಗೆ ಹಾಕುತ್ತೇವೆ. ಹುಮನಾಬಾದ್ ಬಸ್ ನಿಲ್ದಾಣದ ಎದುರು ಚಹಾ ಕುಡಿಯುವಾಗ ಒಬ್ಬ ಹಿರಿಯರು ಕೇಳಿದರು: “ಎಮ್ಮೆಲ್ಲೆ ಅಂದ್ರ ಗೊತ್ತದ, ಎಂಪಿ ಅಂದ್ರ ಗೊತ್ತದ. ಈ ಎಂಎಲ್‌ಸಿ ಏನ್ ಮಾಡ್ತಾರ್ರೀ?” ಪಕ್ಕದವ ಬಸಿಯಿಂದ ಬಾಯಿ ತೆಗೆಯದೆ ಹೇಳಿದ: “ಲೆಟರ್ ಕೊಡ್ತಾರ.” ನಿಜ. ವರ್ಗಾವಣೆಗೆ ಲೆಟರ್, ಸೀಟಿಗೆ ಲೆಟರ್, ಸಮುದಾಯ ಭವನಕ್ಕೆ ಲೆಟರ್. ‘ಸದನದಲ್ಲಿ ಏನು ಮಾತಾಡಿದಿರಿ ಸಾಹೇಬ್ರೇ’ ಎಂದು ತಮ್ಮ ಮನೆ ಬಾಗಿಲಿಗೆ ಬಂದವರನ್ನು ನಾನು ಕಂಡಿಲ್ಲ.

ಮಾತಾಡಿದರೂ ಉಳಿಯುವ ಭರವಸೆ ಏನು ಎನ್ನುತ್ತೀರಾ? ಅದೂ ಸರಿ. ನಮ್ಮ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರು. 2023ರ ಫೆಬ್ರುವರಿಯಲ್ಲಿ ಅವರ ಭಾಷಣದ ತುಣುಕುಗಳನ್ನೇ ಕಡತದಿಂದ ತೆಗೆದರು. ಅತ್ತ ತಾಡೋಲೆಯಲ್ಲಿದ್ದ ವಚನಗಳು ಮಾತ್ರ ಎಂಟು ಶತಮಾನ ದಾಟಿ ಬಂದವು. ಅವುಗಳನ್ನು ಹುಡುಕಿ, ತಿದ್ದಿ, 1923ರಲ್ಲಿ ‘ವಚನಶಾಸ್ತ್ರಸಾರ’ ಮಾಡಿದ ಫ.ಗು. ಹಳಕಟ್ಟಿಯವರು ಯಾರು ಬಲ್ಲಿರಾ? ವಿಜಯಪುರದ ವಕೀಲರು, ತಮ್ಮಂತೆಯೇ ಒಂದು ಕಾಲಕ್ಕೆ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರು. ಮುದ್ರಣಾಲಯಕ್ಕಾಗಿ ಮನೆ ಮಾರಿದರು. ತಾವು ಮನೆ ಮಾರಬೇಕೆಂದು ನಾನು ಹೇಳುತ್ತಿಲ್ಲ, ಗಾಬರಿ ಬೇಡ. ತಾವು ಭಾಷಣದ ಮೊದಲಿಗೆ ಹೇಳುವ ವಚನ ತಮ್ಮ ಬಾಯಿಗೆ ಬಂದದ್ದು ಆ ಪರಿಷತ್ ಸದಸ್ಯರ ದೆಸೆಯಿಂದ ಎಂಬುದಷ್ಟು ನೆನಪಿರಲಿ.

ಮುಂದಿನ ಅಧಿವೇಶನದಲ್ಲಿ ತಾವು ಕೇಳಲೆಂದು, ಬರೆಯುವ ಶ್ರಮವೂ ಬೇಡವೆಂದು ಚುಕ್ಕೆ ಗುರುತಿನ ಪ್ರಶ್ನೆಯೊಂದನ್ನು ನಾನೇ ಸಿದ್ಧಪಡಿಸಿದ್ದೇನೆ. ಸಹಿ ಮಾಡಿದರೆ ಸಾಕು.

ಅ) ಹುಮನಾಬಾದ್ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ ಮತ್ತು ತ್ಯಾಜ್ಯ ನೀರಿನ ಬಗ್ಗೆ ಸುತ್ತಲ ಹಳ್ಳಿಗಳವರು ದೂರುತ್ತ ಬಂದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?

ಆ) ಬಂದಿದ್ದಲ್ಲಿ, ಬಾವಿ ಬೋರ್‌ವೆಲ್‌ಗಳ ನೀರನ್ನು ಎಷ್ಟು ಸಲ ಪರೀಕ್ಷಿಸಲಾಗಿದೆ, ವರದಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಲಾಗಿದೆಯೇ?

ಇ) ಕಾರಂಜಾ ಜಲಾಶಯಕ್ಕೆ ಹೊಲ ಕೊಟ್ಟವರಲ್ಲಿ ನ್ಯಾಯಯುತ ಪರಿಹಾರ ಸಿಗದೆ ಉಳಿದವರೆಷ್ಟು, ಸಿಗುವುದು ಯಾವಾಗ? (ವಿವರ ನೀಡುವುದು.)

ಇದರಲ್ಲಿ ವಚನವಿಲ್ಲ, ಕ್ಷಮಿಸಿ. ಮೇಜು ಕುಟ್ಟುವಂಥದ್ದೂ ಏನಿಲ್ಲ. ‘ಪರಿಶೀಲನೆಯಲ್ಲಿದೆ, ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ’ ಎಂದು ಮಂತ್ರಿಗಳು ಓದುತ್ತಾರೆ, ಅನುಬಂಧ ತೆಗೆದರೆ ಬೇರೆ ತಾಲ್ಲೂಕಿನದು ಇರುತ್ತದೆ. ಅದಕ್ಕೆ ನಾವು ತಯಾರಾಗಿಯೇ ಇದ್ದೇವೆ. ಆಗ ಉಪಪ್ರಶ್ನೆ ಕೇಳಬೇಕಾದವರು ತಾವು. ಆ ಹೊತ್ತಿಗೆ ಕ್ಯಾಂಟೀನಿನಲ್ಲಿರಬೇಡಿ.

ಇತಿ,
ಫಾರ್ಮ್ 18 ತುಂಬಿದ ಮತದಾರ,
ಬಸವಕಲ್ಯಾಣ